ಹಾಸಿಗೆ ಗೋದಾಮಿನ ನಾಲ್ಕನೇ ಹಾಡು

ನನ್ನ ಎರಡೂ ಕಣ್ಣಾಣೆ, ಇದರಲ್ಲಿ ಕೂದಲೆಳೆಯಷ್ಟೂ ಸುಳ್ಳಿಲ್ಲ. ಆ ಹಾಸಿಗೆ ಮೇಲೆ ಹಾಗೇ ಆರಾಮಾಗಿ ಕೂತು ಕೇಳಿ.

ಆಗ ನಾನು ಇದೇ ಗೋದಾಮಿನಲ್ಲಿ ಹಾಸಿಗೆಗೆ ಹತ್ತಿ ತುಂಬುತ್ತಿದ್ದೆ. ನಾವು ಮೂವರು ಸೇರಿ ಒಂದು ಡೆತ್ ಮೆಟಲ್ ಬ್ಯಾಂಡ್ ಕಟ್ಟಿದ್ದೆವು. ಅಡ್ಡಹೆಸರೇ ನಮ್ಮ ಹೆಸರು: ಗಿಟಾರ್ ನುಡಿಸುವವನು ತಂತಿ, ಡ್ರಮ್ ಬಾರಿಸುವವನು ಡಬ್ಬ, ಹಾಡುವ ನಾನು ಗುಮ್ಮ. ಹಾಡುವುದೆಂದರೆ ಹೊಟ್ಟೆಯಾಳದಿಂದ ಗುರುಗುಟ್ಟುವುದು. ನಾನು ಬಾಯಿ ತೆರೆದರೆ ಸೂರಿನ ಹಲ್ಲಿಗಳು ಪಟಪಟನೆ ಉದುರುತ್ತಿದ್ದವು. ಅವನ್ನು ಕಂಡು ಮೊದಲು ಓಡುತ್ತಿದ್ದವನೂ ನಾನೇ.

ಪದ ಮಾತ್ರ ಯಾರಿಗೂ ಒಂದೂ ತಿಳಿಯುತ್ತಿರಲಿಲ್ಲ. ಆ ಧೈರ್ಯದಲ್ಲೇ ನಾಲ್ಕನೇ ಹಾಡಿನೊಳಗೆ ಅವಳನ್ನು ಬಚ್ಚಿಟ್ಟಿದ್ದೆ.

ಅವಳು ಎದುರಿನ ಸೌಂಡ್ ಸೆಟ್ ಅಂಗಡಿಯವರ ಮಗಳು. ಎರಡು ವರ್ಷದಿಂದ ಅವಳನ್ನು ನಮ್ಮ ಗೋದಾಮಿನ ಬಾಗಿಲೆದುರಿನ ನಿಲುವುಗನ್ನಡಿಯಲ್ಲಷ್ಟೇ ನೋಡಿದ್ದೆ. ನೇರ ನೋಡುವಷ್ಟು ಎದೆ ನನಗಿರಲಿಲ್ಲ.

ನಮ್ಮ ಮೊದಲ ಕ್ಯಾಸೆಟ್ ರೆಕಾರ್ಡ್ ಮಾಡಲು ಅವಳೇ ಬಂದಳು. ಗೋಡೆಗೆಲ್ಲ ಹಾಸಿಗೆ ಒರಗಿಸಿ, ಸದ್ದಾಗುತ್ತದೆಂದು ಫ್ಯಾನೂ ಆರಿಸಿದ್ದೆವು. ಮೂಗಿನ ತುದಿಯ ಬೆವರನ್ನು ಅವಳು ತೋಳಿನಿಂದ ಒರೆಸಿಕೊಂಡಳು. ಕನ್ನಡಿಯಲ್ಲಿ ನಾನು ಉಸಿರು ಬಿಗಿಹಿಡಿದು ನೋಡಿದೆ.

ಮೂರನೇ ಹಾಡು ಮುಗಿಯಿತು. ಅವಳು ಹೆಡ್‌ಫೋನ್ ಸರಿಸಿದಳು.

"ಹೆಣದ ಬೆರಳು ಅನ್ನೋ ಸಾಲು ಎರಡು ಸಲ ಬಂತು. ಬೇಕಂತಲೇ ಹಾಡಿದ್ರಾ?"

ನನ್ನ ಜೀವ ಹಾರಿ ಹೋಯಿತು. ನಿಮಗೆ ಪದ ತಿಳಿಯಿತಾ ಎಂದು ಡಬ್ಬ ಬಾಯಿಬಿಟ್ಟು ಕೇಳಿದ.

"ಅಪ್ಪಂಗೆ ಗಂಟಲು ಆಪರೇಷನ್ ಆಗಿ ಏಳು ವರ್ಷ ಆಯ್ತು. ಅವರು ಮಾತಾಡೋದೂ ಹೀಗೇ. ಹೊರಗಿನವರಿಗೆ ತಿಳಿಯಲ್ಲ, ನನಗೆ ಎಲ್ಲ ತಿಳಿಯುತ್ತೆ."

ಉಳಿದಿದ್ದುದು ನಾಲ್ಕನೇ ಹಾಡು. ಕ್ಯಾಸೆಟ್ಟಿನಲ್ಲಿ ಇನ್ನು ಜಾಗವಿದ್ದುದು ಆರೇ ನಿಮಿಷಕ್ಕೆ. ಎರವಲು ತಂದ ಡ್ರಮ್ಮನ್ನು ಒಯ್ಯಲು ಟೆಂಪೊ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಹಾಡದಿದ್ದರೆ ಗೆಳೆಯರ ಒಂದು ವರ್ಷದ ದುಡಿಮೆ ಮಣ್ಣುಪಾಲು. ಹಾಡಿದರೆ ಅವಳು ವೈರು ಸುತ್ತಿಕೊಂಡು ಎದ್ದು ಹೋಗುತ್ತಾಳೆ, ಮತ್ತೆ ಕನ್ನಡಿಗೂ ಸಿಗುವುದಿಲ್ಲ.

ರೆಕಾರ್ಡರಿನ ಕೆಂಪು ದೀಪ ಹತ್ತಿತು. ಬೇರೆ ಪದ ಹಾಕೋಣವೆಂದರೆ ತಲೆಯಲ್ಲಿ ಹತ್ತಿ ಬಿಟ್ಟರೆ ಏನೂ ಇಲ್ಲ. ನನ್ನ ಮೊಣಕಾಲು ಎಷ್ಟು ಜೋರಾಗಿ ಬಡಿದುಕೊಂಡವೆಂದರೆ, ಡಬ್ಬ ಅದನ್ನೇ ತಾಳ ಅಂದುಕೊಂಡು ಬಾರಿಸಿದ. ಕಣ್ಣು ಮುಚ್ಚಿ ಗುರುಗುಟ್ಟಿದೆ. ನಿನ್ನ ಎಡಗೆನ್ನೆಯ ಮಚ್ಚೆಯ ಕೆಳಗೆ ನನ್ನನ್ನು ಹೂತುಬಿಡು ಎನ್ನುವಲ್ಲಿ ಕಣ್ಣು ಬಿಟ್ಟೆ. ಗುಂಡಿ ತಿರುಗಿಸುತ್ತಿದ್ದ ಅವಳ ಬೆರಳು ನಿಂತಿತ್ತು.

ಹಾಡು ಮುಗಿದರೂ ಅವಳು ತಲೆ ಎತ್ತಲಿಲ್ಲ. ಸೂರಿನಿಂದ ಒಂದು ಹಲ್ಲಿ ನನ್ನ ಹೆಗಲ ಮೇಲೆ ಬಿತ್ತು. ಓಡಲೂ ಕಾಲು ಬರಲಿಲ್ಲ.

"ಒಂದು ತಪ್ಪಿದೆ," ಎಂದಳು ಮೆಲ್ಲಗೆ. "ಮಚ್ಚೆ ಬಲಗಡೆ ಇದೆ."

ಮೊದಲ ಸಲ ನೇರ ನೋಡಿದೆ. ಬಲಗಡೆಯೇ ಇತ್ತು. ಅದರ ಸುತ್ತ ಕೆನ್ನೆ ಕೆಂಪಗಾಗಿತ್ತು.

"ಎರಡು ವರ್ಷ ಕನ್ನಡಿ ನೋಡ್ಕೊಂಡೇ ಕೂತಿದ್ರಲ್ಲ. ಕನ್ನಡಿಯಿಂದ ಈ ಕಡೆಗೂ ಕಾಣುತ್ತೆ, ಗೊತ್ತಾ?"

ಅಷ್ಟು ಹೇಳಿ ಕ್ಯಾಸೆಟ್ ತೆಗೆದುಕೊಂಡು ಎದ್ದಳು. ಮೊದಲು ಅಪ್ಪನಿಗೆ ಕೇಳಿಸಿ ಬರುತ್ತಾಳಂತೆ.

ಅಪ್ಪನಿಗೆ! ಊರಿಗೆಲ್ಲ ತಿಳಿಯದ ಹಾಡು ತಿಳಿಯುವ ಇನ್ನೊಬ್ಬರು ಅವರೇ. ನಾನು ಹಾಸಿಗೆಗಳ ಸಂದಿಯಲ್ಲಿ ತೂರಿಕೊಂಡೆ. ಸ್ವಲ್ಪ ಹೊತ್ತಿಗೆ ರಸ್ತೆಯಾಚೆಯ ದೊಡ್ಡ ಸ್ಪೀಕರಿನಲ್ಲಿ ನನ್ನದೇ ಗುರುಗುಟ್ಟುವಿಕೆ ಮೊಳಗಿ, ಬೀದಿಯ ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು. ಆಮೇಲೆ ಚಪ್ಪಲಿ ಸದ್ದು. ಹಾಸಿಗೆ ಸರಿಯಿತು. ಕೊರಳಿಗೆ ಬಿಳಿ ಬಟ್ಟೆ ಸುತ್ತಿದ ಅವರಪ್ಪ ಬಗ್ಗಿ, ಏನೋ ಗುರುಗುಟ್ಟಿದರು. ತಂತಿಗೂ ಡಬ್ಬನಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು.

"ಇಷ್ಟು ವರ್ಷಕ್ಕೆ ನನ್ನ ಹಾಗೆ ಮಾತಾಡೋನು ಒಬ್ಬ ಸಿಕ್ಕ. ನಾಳೆ ಮನೆಗೆ ಬಾರಪ್ಪ."

ಹೋದೆ. ಇವತ್ತಿಗೂ ಆ ಮನೆಯಲ್ಲೇ ಇದ್ದೇನೆ, ಅಳಿಯನಾಗಿ.

ನಂಬಿಕೆ ಬರಲಿಲ್ಲವೇ? ನೀವು ಕೂತಿರುವುದು ಆ ದಿನ ನಾನು ಅಡಗಿದ್ದ ಹಾಸಿಗೆಯ ಮೇಲೇ. ಪೂರ್ತಿ ಕಥೆ ಕೇಳಿ ಅದನ್ನು ಕೊಳ್ಳದೆ ಎದ್ದವರು ಇನ್ನೂ ಹುಟ್ಟಿಲ್ಲ. ನೋಡಿ, ಅವಳು ಆಗಲೇ ಹಗ್ಗ ಹಿಡಿದು ನಿಂತಿದ್ದಾಳೆ. ಸುತ್ತಿ ಕಟ್ಟಿಸಲೋ, ಹಾಗೇ ಹೊತ್ತುಕೊಂಡು ಹೋಗುತ್ತೀರೋ?