ಕುರುಡುಮಲೆಯಲ್ಲಿ ಉಳಿದ ಸುತ್ತುಗಳು

ಹಿಂದೆ ಸುಮೋ. ಮುಂದೆ ಲಾರಿ. ಮಧ್ಯೆ ನಾನು, ನನ್ನ ಹಳೇ ಯಮಹಾ...

ನಂಗಲಿಯಿಂದಲೇ ಬೆನ್ನು ಹತ್ತಿದ್ರು ಸಾರ್. ಬಂಪರ್ ಬೇರೆ ತಾಗಿಸಿದ್ರು. ಬಿದ್ದಿದ್ರೆ ನನ್ನ ಕತೆ ಅಲ್ಲೇ ಮುಗೀತಿತ್ತು. ಲಾರಿ ಎಡಕ್ಕೆ ಸರೀತು. ಸಂದಿಯಲ್ಲಿ ನುಗ್ಗಿದೆ! ಸುಮೋ ಲಾರಿ ಹಿಂದೆ ಸಿಕ್ಕಾಕ್ಕೊಂಡ್ತು.

ಸುಮೋ ಕದಿರೇಶನ ಕಡೆಯವರದು. ಮುಳಬಾಗಿಲಲ್ಲಿ ಬೊಜ್ಜು ಕರಗಿಸಿ ಊತ, ನೋವೂ ಇಳಿಸೋ ಪುಡಿ ಅಂತ ಮಾರ್ತಾನಲ್ಲ, ಆ ಕದಿರೇಶ. ಪುಡೀಲಿ ಸ್ಟೀರಾಯ್ಡ್ ಬೆರೆಸ್ತಾನೆ ಅಂತ ಆವತ್ತು ನಂಗಲಿಯಲ್ಲಿ ಅವನ ಸಪ್ಲೈಯರ್ ಬಾಯಿ ಬಿಡಿಸಿದ್ದೆ. ಅವನು ಇನ್ನೊಂದು ಮಾತೂ ಕಕ್ಕಿದ.

"ನಿಮ್ಮಕ್ಕ ಕುರುಡುಮಲೆಗೆ ಹೋಗವ್ಳೆ. ಕದಿರೇಶಣ್ಣನೇ ಕಳ್ಸಿದ್ದು..."

ತಕ್ಷಣ ಬೈಕ್ ಹತ್ತಿ ಕುರುಡುಮಲೆ ಕಡೆ ಹೊರಟೆ.

ನಮ್ಮಕ್ಕ ಭಾರತಮ್ಮ ವಿಪರೀತ ದಪ್ಪ. ಮಂಡಿ ನೋವು, ಸುಸ್ತು. ಡಾಕ್ಟರ್ ಸಂಹಿತಾ ರಕ್ತ ಪರೀಕ್ಷೆ ಮಾಡಿಸಿ ಹೇಳಿದ್ರು, "ಈ ಕೊಬ್ಬು ಸುಮ್ನಿರಲ್ಲ. ಮೈಯೊಳಗೆ ಸದಾ ಉರಿಯೂತ ಎಬ್ಬಿಸ್ತಿರುತ್ತೆ. ದಿನಾ ನಡೀರಿ, ಇಳಿಯುತ್ತೆ."

ಅಕ್ಕ ತಿಂಗಳುಗಟ್ಟಲೆ ನಡೆದಳು. ತೂಕ ಮಾತ್ರ ಜಗ್ಗಲಿಲ್ಲ. ಭಾವ ರೇಗಿದ್ರು. "ಈ ಸಲದ ರಿಪೋರ್ಟೂ ಹಂಗೇ ಬಂದ್ರೆ ವಾಕಿಂಗ್ ಬಂದ್. ಕದಿರೇಶನ ಪುಡೀನೇ ಗತಿ." ಅದೇ ಪುಡಿ ತಿಂದ ನಮ್ಮ ಬೀದಿ ಗಂಗುಲಪ್ಪನ ಹೆಂಡತಿ ಐಸಿಯುನಲ್ಲಿದ್ಲು ಸಾರ್!

ನಾನು ನಂಗಲಿಗೆ ಹೋದ ಮಾರನೇ ಬೆಳಿಗ್ಗೆ ಅಕ್ಕನ ರಕ್ತ ತೆಗೀಬೇಕಿತ್ತು. ಹಿಂದಿನ ದಿನ ಮಿತಿಮೀರಿ ದಣಿದ್ರೆ ಉರಿಯೂತ ಏರುತ್ತೆ, ರೆಸ್ಟ್ ತಗೊಳ್ಳಿ ಅಂತ ಡಾಕ್ಟರ್ ಒತ್ತಿ ಹೇಳಿದ್ರು. ಅದು ಕದಿರೇಶನ ಕಿವಿಗೂ ಬಿತ್ತು. ರಿಪೋರ್ಟ್ ಕೆಟ್ರೆ ಅವನ ಪುಡಿಗೆ ಗಿರಾಕಿ ತಾನೇ? ರಿಪೋರ್ಟ್ ಚೆನ್ನಾಗಿ ಬರ್ಲಿ ಅಂತ ಕುರುಡುಮಲೆ ಗಣಪತಿಗೆ ನೂರೆಂಟು ಪ್ರದಕ್ಷಿಣೆ ಹರಕೆ ಹೊತ್ಕೋ ಅಂತ ಅಕ್ಕನ ತಲೆ ಕೆಡಿಸಿದ. ಪೆದ್ದಿ, ಹೊತ್ತೇಬಿಟ್ಲು.

ನಾನು ಹೋದಾಗ ಅಕ್ಕ ದೇವಸ್ಥಾನ ಸುತ್ತುತ್ತಿದ್ದಳು. ಪುಣ್ಯಕ್ಕೆ ಆಗತಾನೇ ಶುರು ಮಾಡಿದ್ದಳು.

"ಅಕ್ಕಾ, ಸಾಕು ನಿಲ್ಸು."

"ಹರಕೆ ಕಣೋ ಮುನಿಶಾಮಿ. ಅರ್ಧಕ್ಕೆ ಬಿಡಬಾರ್ದು."

ಕಂಬದ ಮರೆಯಿಂದ ಕದಿರೇಶ ಬಂದ.

"ಏಮಿರಾ... ದೇವರ ಕೆಲಸಕ್ಕೆ ಅಡ್ಡ ಬರ್ತೀಯಾ?"

ನಾನು ಅವನ ಕಡೆ ನೋಡಲೇ ಇಲ್ಲ. ಅರ್ಚಕ ವೆಂಕಟರಮಣ ಅವರನ್ನ ಕೇಳಿದೆ.

"ಸ್ವಾಮಿ, ಅಕ್ಕನ ಬದಲು ಉಳಿದಿದ್ದು ನಾನು ಸುತ್ತಿದ್ರೆ?"

"ಒಡಹುಟ್ಟಿದವನಲ್ಲವೇ? ಸಲ್ಲುತ್ತೆ."

ಅಕ್ಕ ಉಸ್ಸಂತ ಜಗಲಿ ಮೇಲೆ ಕೂತಳು. ಕದಿರೇಶನ ಕೈಗೆ ಚಾಕು ಬಂತು.

ಮಣಿಕಟ್ಟು ತಿರುಚಿದೆ. ಚಾಕು ಬಿತ್ತು. ಕೈ ಬಿಡಲಿಲ್ಲ.

"ಹರಕೆ ಹೊರಿಸಿದೋನು ನೀನು. ನಡಿ, ಜೊತೆಗೇ ಸುತ್ತೋಣ."

"ಲೇ, ಬಿಡೋ... ನಂಗಾಗಲ್ಲ..."

"ನಡೀಲೇ."

ಬರಿಗಾಲು, ಕಾದ ಕಲ್ಲು. ಕೊನೇ ಸುತ್ತುಗಳಲ್ಲಿ ಅವನನ್ನ ದರದರ ಎಳೀಬೇಕಾಯ್ತು.

ರಿಪೋರ್ಟ್ ಬಂತು. ಅಕ್ಕನ ಉರಿಯೂತ ಅರ್ಧಕ್ಕರ್ಧ ಇಳಿದಿತ್ತು!

"ತೂಕ ಹಂಗೇ ಇದ್ಯಲ್ಲ ಡಾಕ್ಟ್ರೇ?" ಭಾವ ಗೊಣಗಿದ್ರು.

"ಇರಲಿ. ತೂಕ ಇಳಿಯೋಕೆ ಮುಂಚೆನೇ ಒಳಗಿನ ಉರಿ ಆರಬಹುದು. ಅವರು ನಡೆದಿದ್ದು ದಂಡ ಆಗಿಲ್ಲ."

ಅಕ್ಕ ಅಲ್ಲೇ ಅತ್ತಳು.

ಕದಿರೇಶ? ಕಾಲು ಊದಿ ಹಾಸಿಗೆ ಹಿಡಿದಿದ್ದ. ಮಂಚದ ಕೆಳಗೆ ಪುಡಿ ಮೂಟೆ ಮೂಟೆ ಇತ್ತು. ಒಂದು ಚಿಟಿಕೆಯನ್ನೂ ಬಾಯಿಗೆ ಹಾಕ್ಕೊಳ್ಳದೆ, ನನಗೇ ಫೋನ್ ಮಾಡಿ ಡಾಕ್ಟರ್ ಸಂಹಿತಾ ನಂಬರ್ ಕೇಳಿದ ಸಾರ್.