ಅಜ್ಜಿಯ ಉಯಿಲಿಗೆ ಎರಡನೇ ಸಾಕ್ಷಿ

"ಇಳೀತೀಯೋ, ಉರುಳ್ತೀಯೋ?"

ರೌಡಿ ಗೂಳಿ ನನ್ನ ಕಾಲರ್ ಹಿಡಿದಿದ್ದ. ನನ್ನ ಬೆನ್ನ ಹಿಂದೆ ನರ್ಸಿಂಗ್ ಹೋಮಿನ ಮೆಟ್ಟಿಲು. ಉರುಳಿದರೆ ಸೀದಾ ಎಮರ್ಜೆನ್ಸಿ ವಾರ್ಡಿನ ಬಾಗಿಲು... ಅಷ್ಟರಮಟ್ಟಿಗೆ ಅನುಕೂಲವಿತ್ತು!

"ಎರಡೂ ಬೇಡ," ಎಂದೆ. ಮೊಣಕಾಲು ಎತ್ತಿದೆ. ತಗುಲಬೇಕಾದ ಕಡೆಗೇ ತಗುಲಿತು.

ಅವನು ಬಗ್ಗಿದ. ನಾನು ಮೇಲಕ್ಕೆ ಓಡಿದೆ.

ನನ್ನ ಕೆಲಸ ಹೇಳಿಬಿಡುತ್ತೇನೆ, ಕೇಳಿ. ಕೋರ್ಟಿನ ಎದುರು ಒಂದು ಮೇಜು, ಎರಡು ಕುರ್ಚಿ. ಜನರಿಗೆ ಉಯಿಲು ಮಾಡಿಸಿಕೊಡುತ್ತೇನೆ. ಸಾಕ್ಷಿ, ನೋಟರಿ, ಸೀಲು... ಎಲ್ಲವನ್ನೂ ಹೊಂದಿಸುವವನು ನಾನೇ. ಒದೆ ಬೀಳದ ದಂಧೆ ಎಂದುಕೊಂಡೇ ಇದಕ್ಕೆ ಇಳಿದಿದ್ದೆ!

ಆವತ್ತಿನ ಗಿರಾಕಿ ಕನ್ನಡಕದಂಗಡಿ ಅಜ್ಜಿ. ಇನ್ನರ್ಧ ಗಂಟೆಯಲ್ಲಿ ಹಾರ್ಟ್ ಆಪರೇಷನ್. ಅಷ್ಟರೊಳಗೆ ಅಂಗಡಿಯನ್ನು ಸೊಸೆಯ ಹೆಸರಿಗೆ ಬರೆಯಬೇಕು. ಮಗ ಹೋದ ಮೇಲೆ ಆ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಬೆರಳು ಸವೆಸಿಕೊಂಡವಳು ಅವಳು. ಉಯಿಲಿಲ್ಲದೆ ಅಜ್ಜಿ ಕಣ್ಣು ಮುಚ್ಚಿದರೆ ಅಂಗಡಿ ತಂಗಿಯ ಮಗನ ಪಾಲು.

ಆ ತಂಗಿಯ ಮಗ ಬರುವ ಮೊದಲೇ ಅವನ ಸೆಂಟಿನ ವಾಸನೆ ಬರುತ್ತದೆ. ಹಾಗಾಗಿ ನಾನಿಟ್ಟ ಹೆಸರು ಸೆಂಟು. ಬೆಳಗ್ಗೆಯಿಂದ ನನ್ನ ಇಬ್ಬರು ಸಾಕ್ಷಿಗಳನ್ನು ಗೂಳಿಯ ಕೈಯಲ್ಲಿ ಹೆದರಿಸಿ ಓಡಿಸಿದ್ದ. ಒಬ್ಬನಂತೂ ಚಪ್ಪಲಿ ಬಿಟ್ಟು ಓಡಿದ! ಆಸ್ಪತ್ರೆಯವರು ಸಹಿ ಹಾಕುವ ಹಾಗಿಲ್ಲ. ರೂಲ್ಸು!

ರೂಮಿಗೆ ನುಗ್ಗಿ ಚಿಲಕ ಹಾಕಿದೆ. ಮಂಚದ ಮೇಲೆ ಅಜ್ಜಿ, ಪಕ್ಕದಲ್ಲಿ ಸೊಸೆ, ಕುರ್ಚಿಯಲ್ಲಿ ನೋಟರಿ ಸಾಹೇಬರು.

"ನನ್ನ ಫೀಸು..." ನೋಟರಿ ಕೆಮ್ಮಿದರು.

"ಬೋರ್ಡಲ್ಲಿ ನೂರು ಅಂತಿದೆಯಲ್ಲ ಸಾರ್?"

"ಅದು ಸೀಲಿಗೆ. ಇಲ್ಲಿವರೆಗೆ ಬಂದಿದ್ದಕ್ಕೆ ಸಾವಿರ. ಲಿಫ್ಟ್ ಕೆಟ್ಟಿದೆ, ಮೆಟ್ಟಿಲಿಗೆ ಇನ್ನೂರು. ಹೊರಗಡೆ ರೌಡಿ ಬೇರೆ ಇದಾನೆ..."

"ರೌಡಿ ಇದ್ರೆ ಎಷ್ಟು?"

"ಒಟ್ಟಿಗೆ ಡಬಲ್."

ಅಜ್ಜಿ ನಕ್ಕರು. "ಸಾಯೋದೇ ಸೋವಿ ಕಣಪ್ಪ!"

ಧಡಾರ್! ಚಿಲಕ ಕಿತ್ತುಬಂತು. ಮೊದಲು ವಾಸನೆ, ಆಮೇಲೆ ಸೆಂಟು, ಕೊನೆಗೆ ಕುಂಟುತ್ತಾ ಗೂಳಿ. ಗೂಳಿಯ ಕೈಯಲ್ಲಿ ಚಾಕು!

ಸೆಂಟು ನೋಟರಿಯ ಕೈಲಿದ್ದ ಉಯಿಲನ್ನು ಕಿತ್ತುಕೊಂಡ. ಪರ್... ಪರ್... ಚೂರು ಚೂರು!

"ನಾನಿರೋವಾಗ ಹೊರಗಿನೋಳಿಗೆ ಬರೀತೀಯಾ ದೊಡ್ಡಮ್ಮ? ನನ್ನ ಹೆಸರಿಗೆ ಬರಿ. ಇಲ್ದಿದ್ರೆ ಇವಳು..."

ಗೂಳಿಯ ಚಾಕು ಸೊಸೆಯ ಕುತ್ತಿಗೆಗೆ ಬಂತು.

"ಬಿಡೋ ಅವಳನ್ನ! ಬರೀತೀನಿ..." ಅಜ್ಜಿ ನನ್ನತ್ತ ನೋಡಿದರು. ಆ ಮುದಿ ಮುಖದಲ್ಲಿ ಸೋಲು ಕಂಡಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಉರಿದಾಗಲೇ ನನ್ನ ತಲೆ ಓಡುವುದು.

"ಬರ್ಕೊಳ್ಳಿ ಸಾರ್," ನೋಟರಿಗೆ ಹೇಳಿದೆ. "ಎಲ್ಲ ಇವರಿಗೇ. ಯಾವ ಕಾರಣಕ್ಕಾದರೂ ಇವರಿಗೆ ಸಲ್ಲದೆ ಹೋದರೆ, ಸೊಸೆಗೆ."

"ಅವಳ ಹೆಸರು ಯಾಕೆ?" ಸೆಂಟು ಗುರುಗುಟ್ಟಿದ.

"ಮಾಮೂಲಿ ಸಾಲು. ಅಜ್ಜಿಗಿಂತ ಮೊದ್ಲು ಸಾಯೋ ಪ್ಲಾನ್ ಏನಾದ್ರೂ ಇದ್ಯಾ ನಿಮಗೆ?"

"ಥೂ! ಬರ್ಕೊಳ್ರೀ."

ನೋಟರಿ ಬರೆದರು. ಅಜ್ಜಿ ಸಹಿ ಹಾಕಿದರು. ಗೂಳಿ ಚಾಕು ಇಳಿಸಿದ.

"ನನ್ನ ಬಿಟ್ಟು ಇಬ್ರು ಸಾಕ್ಷಿ ಬೇಕು," ಎಂದರು ನೋಟರಿ.

ಒಂದು ನಾನು ಹಾಕಿದೆ. ಇನ್ನೊಬ್ಬರು?

ಕಾರಿಡಾರಿನಲ್ಲಿ ನರಪಿಳ್ಳೆಯಿಲ್ಲ. ಎಲ್ಲರನ್ನೂ ಓಡಿಸಿದ ಪುಣ್ಯಾತ್ಮ ಸೆಂಟುವೇ!

"ಲೇ ಗೂಳಿ, ನೀನು ಹಾಕು."

"ಐಡಿ ಕಾರ್ಡ್ ಕೊಡಪ್ಪ," ನೋಟರಿ ಕೈ ಚಾಚಿದರು.

ಗೂಳಿಗೆ ಹೆಸರು ಮೂರು. ಐಡಿ ಒಂದೂ ಇಲ್ಲ.

ಹೊರಗೆ ಗಾಲಿಗಳ ಸದ್ದು. "ಪೇಷೆಂಟನ್ನ ಕರ್ಕೊಂಡು ಹೋಗ್ಬೇಕು!" ನರ್ಸ್ ಕೂಗಿದಳು. ಚಾಕು ಗೂಳಿಯ ಜೇಬು ಸೇರಿತು.

"ಆ ಪೆನ್ನು ಕೊಡಯ್ಯ ಇಲ್ಲಿ!"

ಸೆಂಟು ತಾನೇ ಸಾಕ್ಷಿ ಸಹಿ ಹಾಕಿದ. ಕೆಳಗೊಂದು ಗೆರೆ ಬೇರೆ ಎಳೆದ!

ನೋಟರಿ ನನ್ನತ್ತ ಒಂದು ಕ್ಷಣ ನೋಡಿದರು. ಧಡ್! ಸೀಲು ಬಿತ್ತು. ಫೀಸನ್ನು ಸೆಂಟುವೇ ಎಣಿಸಿ ಕೊಟ್ಟ. ಚೌಕಾಸಿ ಕೂಡ ಮಾಡಲಿಲ್ಲ.

"ಅಂಗಡಿ ಹೋದ್ರೆ ಹೋಗ್ಲಿ ಅತ್ತೆ, ನೀವು ವಾಪಸ್ ಬನ್ನಿ," ಸೊಸೆ ಅಳುತ್ತಿದ್ದಳು.

ಸ್ಟ್ರೆಚರ್ ತಳ್ಳುವ ನೆಪದಲ್ಲಿ ಅಜ್ಜಿಯ ಕಿವಿಯಲ್ಲಿ ಎರಡು ಮಾತು ಹೇಳಿದೆ. ಮಾಸ್ಕಿನೊಳಗೇ ನಕ್ಕರು. ನಗುತ್ತಲೇ ಒಳಗೆ ಹೋದರು.

ವಾಪಸ್ ಬರಲಿಲ್ಲ. ನಾನು ಅತ್ತುಬಿಟ್ಟೆ ಸ್ವಾಮಿ. ಗಿರಾಕಿಗಾಗಿ ಅತ್ತಿದ್ದು ಅದೊಂದೇ ಸಲ.

ಕೆಲವು ವಾರಗಳಾದ ಮೇಲೆ ಸೆಂಟು ನನ್ನ ಮೇಜಿಗೆ ಬಂದು ಗುದ್ದಿದ. ಅಂಗಡಿ ಸೊಸೆಗೆ ಸಿಕ್ಕಿತ್ತು! ಯಾಕೆಂದರೆ ಉಯಿಲಿಗೆ ಸಾಕ್ಷಿಯಾದವನಿಗೆ ಅದೇ ಉಯಿಲಿನಿಂದ ಬಿಡಿಗಾಸೂ ಸಿಗುವುದಿಲ್ಲ. ಉಯಿಲು ಉಳಿಯುತ್ತದೆ, ಅವನ ಪಾಲು ಮಾತ್ರ ರದ್ದು. ನಮ್ಮ ದಂಧೆಯಲ್ಲಿ ಇದು ಮೊದಲ ಪಾಠ.

"ಆ ನೋಟರಿ ಯಾಕೋ ಹೇಳ್ಲಿಲ್ಲ?"

"ಸೀಲಿಗೆ ಕೊಟ್ರಿ, ಮೆಟ್ಟಿಲಿಗೆ ಕೊಟ್ರಿ, ರೌಡಿಗೂ ಕೊಟ್ರಿ. ಸಲಹೆಗೆ ಕೊಟ್ರಾ?"

"ಬಿಡಲ್ಲ! ಆ ಉಯಿಲು ಚಾಕು ತೋರಿಸಿ ಬರೆಸಿದ್ದು ಅಂತ ಕೋರ್ಟಲ್ಲಿ ಹೇಳ್ತೀನಿ!"

ಅವನಿಗೆ ಕುರ್ಚಿ ಎಳೆದುಕೊಟ್ಟೆ.

"ಖಂಡಿತ ಹೇಳಿ ಸಾರ್. ಚಾಕು ಹಿಡಿಸಿದ್ದು ಯಾರು ಅಂತ ಜಡ್ಜ್ ಕೇಳ್ತಾರೆ... ಅದಕ್ಕೆ ಸಾಕ್ಷಿ ನಾನೇ ಬರ್ತೀನಿ, ಫ್ರೀ!"