ಬಾಗಿಲ ಮುಂದಿನ ಕುರ್ಚಿ

"ರೀ! ಆ ಕುರ್ಚಿ ತೆಗೆದವರು ಯಾರ್ರೀ?"

ರೋನಿಯ ಕೂಗಿಗೆ ಪಿಟ್ಸ್‌ಬರ್ಗಿನ ಮೂರೂ ನದಿಗಳು ಹರಿಯುವುದನ್ನು ಮರೆತು ಒಂದು ಗಳಿಗೆ ನಿಂತುಬಿಟ್ಟವು. ಬೀದಿಯ ನಾಯಿಗಳೆಲ್ಲ ಮಂಚದ ಕೆಳಗೆ ಸೇರಿಕೊಂಡವು!

ಕೋಪ ಬರದೆ ಇನ್ನೇನು? ಬೆಳಗ್ಗೆ ಎದ್ದು, ಆಕಾಶದೆತ್ತರದ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕಿ, ಮನೆ ಮುಂದೆ ಕಾರಿಗೆ ಜಾಗ ಮಾಡಿಕೊಂಡಿದ್ದಳು. ಆ ಜಾಗದಲ್ಲಿ ಅಪ್ಪನ ಕೆಂಪು ಸೀಟಿನ ಅಡುಗೆಮನೆ ಕುರ್ಚಿ ಇಟ್ಟು ಅಂಗಡಿಗೆ ಹೋಗಿದ್ದಳು. ನಮ್ಮ ಬೀದಿಯಲ್ಲಿ ಕುರ್ಚಿ ಇಟ್ಟ ಜಾಗ ಎಂದರೆ, ಬಿಷಪ್ಪರೇ ಬಂದರೂ ಗಾಡಿಯನ್ನು ಬೇರೆ ಕಡೆ ನಿಲ್ಲಿಸಬೇಕು.

ಈಗ ನೋಡಿದರೆ ಕುರ್ಚಿ ಪಕ್ಕದ ಹಿಮದ ಗುಡ್ಡೆಯ ಮೇಲೆ! ಜಾಗದಲ್ಲಿ ಒಂದು ನೀಲಿ ಟ್ರಕ್! ಟ್ರಕ್ಕಿನ ಹಿಂದೆ ನಮ್ಮೂರ ಫುಟ್‌ಬಾಲ್ ತಂಡದ ಬದ್ಧವೈರಿ ಬಾಲ್ಟಿಮೋರ್ ತಂಡದ ನೇರಳೆ ಸ್ಟಿಕ್ಕರ್!

ಟ್ರಕ್ಕಿನಿಂದ ಒಬ್ಬ ಎತ್ತರದ ಮನುಷ್ಯ ಇಳಿದ. ನಲವತ್ತು ದಾಟಿರಬಹುದು. ಕಿವಿಯ ಹತ್ತಿರ ನರೆ. ಕಣ್ಣು ಮಾತ್ರ... ಬಿಸಿ ಕಾಫಿಯ ಬಣ್ಣ.

"ಯಾರೋ ಬಿಸಾಕಿದ್ದಾರೆ ಅಂದ್ಕೊಂಡೆ..."

"ಬಿಸಾಕಿದ್ದಾ! ನಮ್ಮಪ್ಪ ಕೂತು ಸೂಪು ಕುಡಿದ ಕುರ್ಚಿ ರೀ ಅದು! ಅದನ್ನ ತೆಗೆಯೋ ಹಕ್ಕು ಈ ಮನೆಯವರಿಗೆ ಮಾತ್ರ, ತಿಳ್ಕೊಳ್ಳಿ!"

ಅವನು ಟೋಪಿ ತೆಗೆದ. "ತಪ್ಪಾಯ್ತು. ನಾನು ಎಮೆಟ್. ನಿಮ್ಮ ಚರ್ಚಿನ ಬಾಯ್ಲರ್ ರಿಪೇರಿಗೆ ಬಂದಿದ್ದೀನಿ. ಎದುರುಗಡೆ ಪಾವ್ಲಿಕ್ ಅಮ್ಮನ ಮನೇಲಿ ರೂಮು."

ಅವನು ಟ್ರಕ್ಕನ್ನು ತೆಗೆದ. ಕುರ್ಚಿಯ ಮೇಲಿನ ಹಿಮವನ್ನು ತನ್ನ ಮಫ್ಲರಿನಿಂದಲೇ ಒರೆಸಿ, ಇದ್ದಲ್ಲೇ ಇಟ್ಟು ಹೋದ.

ಮಾರನೆಯ ಬೆಳಗ್ಗೆ ರೋನಿ ಸಲಿಕೆ ಹಿಡಿದು ಹೊರಗೆ ಬಂದರೆ... ಅವಳ ಮನೆಯ ಮುಂದಿನ ಹಿಮವನ್ನು ಯಾರೋ ಆಗಲೇ ತೆಗೆದಿದ್ದರು. ನಡುವೆ ಕೆಂಪು ಕುರ್ಚಿ, ರಾಣಿಯ ಹಾಗೆ ಕೂತಿತ್ತು.

ಮೂವತ್ತೊಂಬತ್ತು ವರ್ಷದ ಹೆಂಗಸಿನ ಎದೆ ಹಾಗೆಲ್ಲ ಹಾರಬಾರದು. ಹಾರಿತು! 'ಸುಮ್ನಿರೇ, ಬಾಲ್ಟಿಮೋರಿನವನು' ಎಂದು ತನ್ನನ್ನೇ ಗದರಿಕೊಂಡಳು.

*

ಶುಕ್ರವಾರ ಬಂತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಮುಟ್ಟುವಂತಿಲ್ಲ, ಹಾಗಾಗಿ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿಯುತ್ತಾರೆ. ಆ ಮೀನಿನ ಒಂದೊಂದು ತುಂಡೂ ತಟ್ಟೆಯ ಎರಡೂ ಕಡೆಯಿಂದ ನೇತಾಡುವಷ್ಟು ಉದ್ದ. ಪಕ್ಕದಲ್ಲಿ ಬೆಣ್ಣೆಯಲ್ಲಿ ಈಜುವ ಪಿರೋಗಿ, ಅಂದರೆ ಆಲೂಗಡ್ಡೆ ತುಂಬಿದ ಕಡುಬು. ಅದನ್ನು ಮಡಿಚುವುದರಲ್ಲಿ ರೋನಿಯದು ಪಳಗಿದ ಕೈ.

ಮೀನು ನೆಪ ಅಷ್ಟೇ. ಗಂಡಸರು ಬರುವುದು ಫುಟ್‌ಬಾಲಿನ ವಾದಕ್ಕೆ; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲು. ಅದೂ ಒಂದೇ ವಾದ: ಎದುರಾಳಿಯನ್ನು ತಡೆಯುವ ಪಡೆ, ಅಂದರೆ ಡಿಫೆನ್ಸ್, ಜಗತ್ತಿನಲ್ಲಿ ಅತಿ ದೊಡ್ಡದು ಯಾರದು? ಎಪ್ಪತ್ತಾರನೇ ಇಸವಿಯ ನಮ್ಮ ಪಿಟ್ಸ್‌ಬರ್ಗಿನದು ಎನ್ನುವವರು ಒಂದು ಕಡೆ. ಇನ್ನೊಂದು ಕಡೆ ಯಾರೂ ಇರುವುದಿಲ್ಲ. ಆದರೂ ವಾದ ನಡೆಯುತ್ತದೆ!

ರೋನಿಯ ಚಿಕ್ಕಪ್ಪ ಆಂದ್ರೇಯ್ ಈ ವಾದದ ಮಹಾರಾಜ. ವಯಸ್ಸು ಎಂಬತ್ತಮೂರು. ಅಣ್ಣ, ಅಂದರೆ ರೋನಿಯ ಅಪ್ಪ, ತೀರಿಕೊಂಡ ಮೇಲೆ ಈಗ ರೋನಿಯ ಮನೆಯಲ್ಲೇ ಇದ್ದಾರೆ. ಅಂದು ಅವರು ಅಣ್ಣನ ಹಳದಿ ಟವೆಲ್ಲನ್ನು ಮೇಜಿನ ಮೇಲೆ ಬಾವುಟದಂತೆ ಹಾಸಿ ಕೂತಿದ್ದರು. ಆ ಕಾಲದಲ್ಲಿ ಅಣ್ಣ ನಮ್ಮ ತಂಡವನ್ನು ಹುರಿದುಂಬಿಸಲು ಸ್ಟೇಡಿಯಮ್ಮಿನಲ್ಲಿ ಬೀಸಿದ ಟವೆಲ್ ಅದು. ಅದರಿಂದ ಯಾರೂ ಮುಖ ಕೂಡ ಒರೆಸಿಕೊಂಡಿದ್ದಿಲ್ಲ.

ಎಮೆಟ್ ತಟ್ಟೆ ಹಿಡಿದು ಬಂದ. ಖಾಲಿ ಇದ್ದದ್ದು ಚಿಕ್ಕಪ್ಪನ ಪಕ್ಕದ ಜಾಗ ಮಾತ್ರ.

"ಬಾರಪ್ಪಾ ಬಾಲ್ಟಿಮೋರ್! ನಿಂಗೆ ಡಿಫೆನ್ಸ್ ಅಂದ್ರೆ ಗೊತ್ತಾ?"

"ಎರಡು ಸಾವಿರದ ಇಸವೀಲಿ ನಮ್ಮವರು ತೋರಿಸಿದ್ರಲ್ಲ, ಅದೇ ಡಿಫೆನ್ಸು, ಅಂಕಲ್."

ಸಭೆಯಲ್ಲಿ ಮುಳ್ಳುಚಮಚಗಳು ನಿಂತವು.

"ಎಲಾ ಇವನ! ನಮ್ಮ ಹುಡುಗರು ಕೊನೇ ಒಂಬತ್ತು ಆಟದಲ್ಲಿ ಐದರಲ್ಲಿ ಎದುರಾಳಿಗೆ ಒಂದು ಪಾಯಿಂಟೂ ಕೊಡ್ಲಿಲ್ಲ. ಸೊನ್ನೆ! ದೊಡ್ಡ ಸೊನ್ನೆ!"

"ಸರಿ ಅಂಕಲ್. ಆ ವರ್ಷ ಕಪ್ ಯಾರಿಗೆ ಬಂತು?"

ಯಾರೋ "ಅಯ್ಯೋ" ಎಂದರು. ಗಾಯಕ್ಕೇ ಕೈ ಹಾಕಿದ್ದ!

"ಚೆಂಡು ಹಿಡಿದು ಓಡೋ ಇಬ್ಬರಿಗೂ ಪೆಟ್ಟಾಗಿತ್ತು ಕಣೋ! ತಡೆಯೋರು ತಡೆದ್ರು. ಓಡೋರಿಲ್ದೆ ಹೋದ್ರೆ ತಡೆಯೋರೇನು ಮಾಡ್ತಾರೆ?"

ಚಿಕ್ಕಪ್ಪ ನಕ್ಕರು, ಎಮೆಟ್ ನಕ್ಕ, ಎಲ್ಲರೂ ಮೇಜು ಬಡಿದು ನಕ್ಕರು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ರೋನಿಯೂ ನಕ್ಕಳು. 'ಚಿಕ್ಕಪ್ಪ ಇಷ್ಟು ನಕ್ಕು ಎಷ್ಟು ಕಾಲವಾಯ್ತು...' ಒಂದು ತಟ್ಟೆಯಲ್ಲಿ ಬಿಸಿ ಪಿರೋಗಿ ಹಾಕಿಕೊಂಡಳು. ಅವನಿಗೇ ಕೊಡೋಣವೆಂದು ಹೊರಟಳು.

ಅಷ್ಟರಲ್ಲಿ ಧಡಾರ್!

ಐಸ್ ಟೀ ತುಂಬಿದ ಜಗ್ಗು ಎಮೆಟ್‌ನ ಕೈ ತಗುಲಿ ಮಗುಚಿತ್ತು. ಚಿಕ್ಕಪ್ಪನ ಮಡಿಲು, ಪ್ಯಾಂಟು, ನೆಲ, ಎಲ್ಲ ಟೀಮಯ! ಎಮೆಟ್ ಮಂಡಿಯೂರಿ ನೆಲ ಒರೆಸುತ್ತಿದ್ದ. ಕೈಯಲ್ಲಿ...

ಅಪ್ಪನ ಹಳದಿ ಟವೆಲ್!

"ಬಿಡ್ರೀ ಅದನ್ನ!" ರೋನಿಯ ಕೈಯ ತಟ್ಟೆ ನೆಲಕ್ಕೆ ಬಿತ್ತು. "ನಮ್ಮಪ್ಪನ ಟವೆಲ್ಲು ನೆಲ ಒರೆಸೋ ಬಟ್ಟೆನಾ? ಬೇರೆ ಊರಿನ ತಂಡಾನೇ ಹೊತ್ಕೊಂಡು ಬಂದೋರಿಗೆ ಬೇರೆಯವರ ವಸ್ತುವಿನ ಬೆಲೆ ಹೇಗೆ ಗೊತ್ತಾಗತ್ತೆ! ಮೊದಲು ಕುರ್ಚಿ, ಈಗ ಇದು. ನಿಮ್ಮಪ್ಪ ನಿಮಗೆ ಮರ್ಯಾದೆ ಅನ್ನೋದು ಕಲಿಸಲೇ ಇಲ್ವಾ?"

ಪಾದ್ರಿಗಳೂ ಮೀನು ನುಂಗುವುದನ್ನು ಮರೆತರು.

ಎಮೆಟ್ ಬಾಯಿ ತೆರೆದ. ಚಿಕ್ಕಪ್ಪನ ಮುಖ ನೋಡಿದ. ಬಾಯಿ ಮುಚ್ಚಿದ.

"ಕೈ ಜಾರಿತು. ಕ್ಷಮಿಸಿ." ಅಷ್ಟೇ. ಟವೆಲ್ಲನ್ನು ಹಿಂಡಿ, ಮಡಿಚಿ, ಅವಳ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದ. ಹಿಂದಿನಿಂದ ಯಾರೋ "ಹೋಗೋ ಬಾಲ್ಟಿಮೋರ್!" ಎಂದು ಕೂಗಿದರು.

ಚಿಕ್ಕಪ್ಪ ತಲೆ ಎತ್ತಲೇ ಇಲ್ಲ.

*

ಭಾನುವಾರವೂ ಚಿಕ್ಕಪ್ಪ ಊಟ ಮಾಡಲಿಲ್ಲ. ಸೋಮವಾರ ಬಟ್ಟೆ ಒಗೆಯಲು ಮನೆಯ ನೆಲಮಾಳಿಗೆಗೆ ಇಳಿದ ರೋನಿಗೆ, ಶುಕ್ರವಾರದ ಪ್ಯಾಂಟು ವಾಷಿಂಗ್ ಮೆಷಿನ್ನಿನ ಹಿಂದೆ ತುರುಕಿದ್ದು ಸಿಕ್ಕಿತು. ಎತ್ತಿದಳು. ಟೀಯ ಸಿಹಿ ವಾಸನೆ. ಅದರ ಅಡಿಯಲ್ಲಿ... ಇನ್ನೊಂದು ವಾಸನೆ.

ಅಪ್ಪನ ಕೊನೆಯ ವರ್ಷ ಪೂರ್ತಿ ಒಗೆದ ವಾಸನೆ. ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಚಿಕ್ಕಪ್ಪ..."

ಮೆಟ್ಟಿಲ ಮೇಲೆ ನಿಂತಿದ್ದ ಮುದುಕ ಮುಖ ಮುಚ್ಚಿಕೊಂಡರು.

"ನಕ್ಕೂ ನಕ್ಕೂ... ತಡೆಯೋಕಾಗ್ಲಿಲ್ಲ ಮಗಳೇ. ಕುರ್ಚಿಯಿಂದ ಕೆಳಗೆ ಹರಿಯೋಕೆ ಶುರುವಾಯ್ತು. ಇನ್ನೇನು ಎಲ್ಲರೂ ನೋಡ್ತಾರೆ, ಅಷ್ಟರಲ್ಲಿ ಆ ಹುಡುಗ ನೋಡ್ಬಿಟ್ಟ. ಜಗ್ಗು ಬೇಕು ಅಂತಾನೇ ಬೀಳಿಸ್ದ. ಕೈಗೆ ಸಿಕ್ಕ ಬಟ್ಟೆ ಅದೊಂದೇ... ನೀನು ಬೈದಾಗ ನಾನು ಹೇಳ್ಬೇಕಿತ್ತು. ನಾಚಿಕೆ ಆಯ್ತು ಕಣೇ. ಅವನನ್ನ ಬಯ್ಯಿಸಿ ನಾನು ಬಚಾವಾದೆ."

ರೋನಿ ಆ ಪ್ಯಾಂಟನ್ನು ಎದೆಗವಚಿಕೊಂಡಳು.

'ನಿಮ್ಮಪ್ಪ ಮರ್ಯಾದೆ ಕಲಿಸಲಿಲ್ವಾ ಅಂದೆನಲ್ಲ... ಮುನ್ನೂರು ಜನರ ಮುಂದೆ! ಅವನು ನಮ್ಮ ಮನೆಯ ಮರ್ಯಾದೆ ಕಾಯ್ತಿದ್ದ, ನಾನು ಅವನದನ್ನ ಕಳೆದೆ!' ಕೆನ್ನೆ ಕೆಂಡದಂತೆ ಸುಟ್ಟಿತು. ಆ ಕೆನ್ನೆಯ ಮೇಲೆ ಪಿರೋಗಿ ಇಟ್ಟಿದ್ದರೆ ಬೆಂದುಹೋಗುತ್ತಿತ್ತು.

ಎಲ್ಲರ ಮುಂದೆ ಬೈದದ್ದಕ್ಕೆ ಎಲ್ಲರ ಮುಂದೆಯೇ ಕ್ಷಮೆ ಕೇಳಬೇಕು. ಆದರೆ ಏನೆಂದು ಕೇಳುವುದು? ಕಾರಣ ಹೇಳಿದರೆ ಚಿಕ್ಕಪ್ಪನ ಮಾನ ಹೋಗುತ್ತದೆ. ಅವನು ಮುಚ್ಚಿದ್ದನ್ನು ಇವಳೇ ತೆರೆದಂತಾಗುತ್ತದೆ.

ಅಷ್ಟರಲ್ಲಿ ಎದುರು ಮನೆಯಿಂದ ಪಾವ್ಲಿಕ್ ಅಮ್ಮನ ದನಿ ಬಂತು. "ರೋನೀ! ನಿನ್ನ ಶತ್ರು ನಾಳೆ ಹೋಗ್ತಾನಂತೆ ಕಣೇ. ಬಾಯ್ಲರ್ ಸರಿಯಾಯ್ತಂತೆ."

ರೋನಿ ಹಳದಿ ಟವೆಲ್ಲನ್ನು ತಂದು ಒಗೆಯಲು ನಿಂತಳು.

*

ಮರುದಿನ ಬೆಳಗ್ಗೆ ಮತ್ತೆ ಹಿಮ. ಬಾಡಿಗೆ ರೂಮಿನ ಸಾಮಾನು ಒಯ್ಯಲು ಎಮೆಟ್‌ನ ಟ್ರಕ್ ಮೂಲೆ ತಿರುಗಿದಾಗ ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು.

ಯಾಕೆಂದರೆ ರೋನಿ ತನ್ನ ಕಾರನ್ನು ಎರಡು ಬೀದಿಯಾಚೆ ನಿಲ್ಲಿಸಿ, ಮನೆ ಮುಂದೆ ಟ್ರಕ್ ಹಿಡಿಸುವಷ್ಟು ಅಗಲಕ್ಕೆ ಹಿಮ ತೆಗೆದಿದ್ದಳು. ನಡುವೆ ಅಪ್ಪನ ಕೆಂಪು ಕುರ್ಚಿ. ಕುರ್ಚಿಯ ಬೆನ್ನಿಗೆ ಒಗೆದು ಒಣಗಿಸಿದ ಹಳದಿ ಟವೆಲ್ಲನ್ನು ಕಟ್ಟಿದ್ದಳು!

"ಬಾಲ್ಟಿಮೋರಿನವನಿಗೆ ಕುರ್ಚಿ ಇಟ್ಟಿದ್ದೀಯೇನೇ? ತಲೆ ನೆಟ್ಟಗಿದೆಯಾ?" ಪಾವ್ಲಿಕ್ ಅಮ್ಮ ಕೂಗಿದರು.

"ನೆಟ್ಟಗಿದೆ." ರೋನಿಯ ದನಿ ಕೊನೆಯ ಮನೆಗೆ ಕೇಳುವಷ್ಟು ಜೋರಾಗಿತ್ತು. "ಶುಕ್ರವಾರ ತಪ್ಪು ಮಾಡಿದ್ದು ನಾನು. ಅವರಲ್ಲ. ಕಾರಣ ಯಾರೂ ಕೇಳ್ಬೇಡಿ, ನಾನು ಹೇಳಲ್ಲ."

ಎಮೆಟ್ ಟ್ರಕ್ ನಿಲ್ಲಿಸಿ ಇಳಿದ. ಅವಳಿಗೆ ತಲೆ ಎತ್ತಲಾಗಲಿಲ್ಲ. ಅವನ ಬೂಟು ಮಾತ್ರ ಕಾಣುತ್ತಿತ್ತು.

"ಗೊತ್ತಾಯ್ತಾ?" ಅವನು ಮೆಲ್ಲಗೆ ಕೇಳಿದ.

"ಗೊತ್ತಾಯ್ತು... ನಿಮ್ಮಪ್ಪನ ಬಗ್ಗೆ ಹಾಗೆ ಅಂದ್ನಲ್ಲ, ನನ್ನ ನಾಲಿಗೆಗೆ ಏನಾಗಿತ್ತೋ..."

"ನಮ್ಮಪ್ಪನಿಗೂ ಹಾಗೇ ಆಗ್ತಿತ್ತು ರೀ. ಟೀ ಚೆಲ್ಲೋದು ನಮ್ಮ ಮನೇಲಿ ಹಳೇ ಅಭ್ಯಾಸ. ಅವರೇ ಕಲಿಸಿದ ಮರ್ಯಾದೆ ಅದು."

ಅವಳ ಕಣ್ಣಿಂದ ನೀರು ಇಳಿದು ಹಿಮದ ಮೇಲೆ ಬಿತ್ತು.

"ಅವತ್ತು ಒಂದು ತಟ್ಟೆ ಪಿರೋಗಿ ನಿಮಗೇ ಅಂತ ತರ್ತಿದ್ದೆ... ಬೀಳಿಸ್ಬಿಟ್ಟೆ."

"ನೋಡಿದೆ. ಆ ಪಿರೋಗಿ ನೆಲಕ್ಕೆ ಬಿದ್ದಾಗ ನಂಗೂ ಅಳು ಬಂತು."

ಅಳುತ್ತಲೇ ಅವಳಿಗೆ ನಗು ಬಂದುಬಿಟ್ಟಿತು. "ಒಳಗೆ ಇನ್ನೂ ಇದೆ. ಬಿಸಿ ಮಾಡ್ತೀನಿ. ಗಾಡಿ ನಿಲ್ಸಿ."

ಅವನು ಕದಲಲಿಲ್ಲ. "ಹೇಗೆ ನಿಲ್ಲಿಸ್ಲಿ? ಕುರ್ಚಿ ಇದೆಯಲ್ಲ. ಅದನ್ನ ತೆಗೆಯೋ ಹಕ್ಕು ಈ ಮನೆಯವರಿಗೆ ಮಾತ್ರ ಅಂತ ನೀವೇ ಹೇಳಿದ್ರಿ."

ಮಹಡಿಯ ಕಿಟಕಿಯಲ್ಲಿ ಚಿಕ್ಕಪ್ಪ ಇಣುಕಿದರು.

ರೋನಿ ಅಂದು ಮೊದಲ ಬಾರಿಗೆ ತಲೆ ಎತ್ತಿ ಆ ಕಾಫಿ ಬಣ್ಣದ ಕಣ್ಣುಗಳನ್ನು ನೋಡಿದಳು.

"ಅದಕ್ಕೇ ನಾನು ತೆಗೀತಿಲ್ಲ," ಎಂದಳು. "ನೀವೇ ತೆಗೀರಿ."